ಇಳಿತದ ಪುಟ

ತದಡಿ ಬಂದರಿನಲ್ಲಿ ಬೋಟುಗಳಿಗೆ ನಂಬರು ಬರೆಯುವುದು ನನ್ನ ಕಸುಬು.
ಬೋಟು ದಡ ಹತ್ತಿದ ಈ ಎರಡು ತಿಂಗಳು
ಬಲೆಗೋದಾಮಿನ ಮೂಲೆಯಲ್ಲಿ ಕೂತು
ಉಪ್ಪುಗಳ್ಳ ಜಟ್ಟುವಿನ ಕತೆಯನ್ನು ಚಿತ್ರದಲ್ಲಿ ಬಿಡಿಸುತ್ತಿದ್ದೇನೆ.
ಪುಟಕ್ಕೆ ಆರು ಚೌಕ.
ಬಣ್ಣವಿಲ್ಲ, ಕಪ್ಪು ಮಾತ್ರ.
ಶಾಯಿ ಮುಗಿದ ದಿನ
ಐಸ್ ಪೆಟ್ಟಿಗೆಯ ತಳದಲ್ಲಿದ್ದ ಮಾಣಕಿಯ ಚೀಲ ಒಡೆದು
ಅದರ ಕಪ್ಪಲ್ಲೇ ಅವನ ರಾತ್ರಿ ತುಂಬಿದೆ.
ಏಳನೇ ಪುಟ ಈಗ ನಾರುತ್ತದೆ.
ನಾರಲಿ. ಅವನೂ ನಾರುತ್ತಿದ್ದಿರಬೇಕು.

ಊರಿನ ಜಟ್ಟು ಬೇರೆ.
ಆರಡಿ ಎತ್ತರ, ಕಿವಿಗೆ ಬಂಗಾರದ ಒಂಟಿ,
ದೊರೆಗಳ ಉಪ್ಪಿನ ಚೌಕಿಗೆ ನುಗ್ಗಿ
ಗಂಜಿ ಸಪ್ಪೆಯಾದ ಮನೆಗಳ ಬಾಗಿಲಿಗೆ
ಮೂಟೆ ಮೂಟೆ ಸುರಿದು ಹೋದವನು.
ಬೆನ್ನಟ್ಟಿದ ಸಿಪಾಯಿಗಳು ಬಾಯಿ ಬಿಟ್ಟು ನೋಡುತ್ತಿರುವಾಗ
ಅಘನಾಶಿನಿಯ ಮೇಲೆ ನಡೆದೇ ದಾಟಿದವನು.
ಪಾದ ಒದ್ದೆಯಾಗಲಿಲ್ಲವಂತೆ.

ನನ್ನವನು ಗಿಡ್ಡ.
ಆಗರದಲ್ಲಿ ಉಪ್ಪೆಳೆದು ಹಿಮ್ಮಡಿ ಬಿರಿದವನು,
ಬಿರುಕಿಗೆ ಉಪ್ಪು ಹೊಕ್ಕು ನಿದ್ದೆ ಬಾರದವನು.
ಮೊದಲ ಚೌಕದಲ್ಲಿ ಅವನ ಅಂಗಾಲು, ಬೇರೇನಿಲ್ಲ.
ಎರಡರಲ್ಲಿ ಪಹರೆಯವನ ಹಲ್ಲು, ನೆಲದ ಮೇಲೆ,
ಪಕ್ಕದಲ್ಲಿ ಅರ್ಧ ಸೇದಿದ ಬೀಡಿ ಇನ್ನೂ ಉರಿಯುತ್ತಿದೆ.
ಆ ಪಹರೆಯವನೂ ಇದೇ ಊರಿನವ,
ತಿಂಗಳಿಗೆ ನಾಲ್ಕು ರೂಪಾಯಿ, ಮನೆಯಲ್ಲಿ ಬಸುರಿ ಹೆಂಡತಿ.
ಹೊಡೆತದ ಸದ್ದನ್ನು
ಬೋಟಿಗೆ ನಂಬರು ಬರೆಯುವ ಕೈಯಲ್ಲೇ ದಪ್ಪಗೆ ಬರೆದೆ:
ಧಡ್!
ಆಮೇಲೆ ಕೆರೆದು ತೆಗೆದೆ.
ಮೂಳೆ ಮುರಿದರೆ ಅಷ್ಟು ಸದ್ದಾಗುವುದಿಲ್ಲ,
ಒಣಗಿದ ಮಡಲು ಕಾಲಡಿ ಲಟಕ್ಕೆಂದ ಹಾಗೆ, ಅಷ್ಟೇ.

ಬೀರಮ್ಮ ಹೊಸ್ತಿಲಲ್ಲಿ ಕೂತು ಬಳಚು ಬಿಡಿಸುತ್ತಿದ್ದಳು.
ಕೈ ಒರೆಸಿಕೊಳ್ಳದೆ ಪುಟ ತಿರುವಿದಳು.
"ಕಳ್ಳನ ಹಂಗೇ ಕಾಣ್ತಾನಲಾ!"
ಕಳ್ಳನೇ ಅಲ್ಲವಾ, ಅಂದೆ.
"ಹೌದು ಮತ್ತೆ," ಅಂದಳು,
ಇನ್ನೊಂದು ಪುಟ ಒದ್ದೆ ಮಾಡಿದಳು.

ಒಂಬತ್ತನೇ ಪುಟ.
ಈ ದಡದಲ್ಲಿ ಸಿಪಾಯಿಗಳ ಪಂಜು.
ಮುಂದಿನ ಚೌಕದಲ್ಲಿ ಆ ದಡ, ಏದುಸಿರು, ಜಟ್ಟು.
ಎರಡರ ನಡುವೆ ಅರ್ಧ ಬೆರಳಿನ ಬಿಳಿ.
ಅವಳು ಬೆರಳಿಟ್ಟದ್ದು ಆ ಬಿಳಿಯ ಮೇಲೆ.
"ಇಲ್ಲಿಂದ ಇಲ್ಲಿಗೆ ಹೆಂಗೆ ಹೋದಾ?"
ನಡೆದ ಅಂತಾರೆ. ನಾನು ನಂಬುವುದಿಲ್ಲ, ಅದಕ್ಕೇ ಬರೆಯಲಿಲ್ಲ.
"ನಡೀಲಿಲ್ಲ. ದೋಣಿ ಇತ್ತು.
ಯಾರದಾ ದೋಣಿ?"

ನನಗೆ ಗೊತ್ತಿರಲಿಲ್ಲ.

"ಗಣಪಿ ಅಂತ. ಮೀನುಬುಟ್ಟಿ ದಾಟಿಸೂ ಹೆಂಗಸು.
ಇಳಿತದ ಹೊತ್ತು, ಸೊಂಟದವರೆಗೆ ಕೆಸರು,
ಒಬ್ಬಳೇ ದೂಡಿದಳು.
ಅಂವ ಒಳಗೆ ಮಲಗಿದ್ದ, ಮೇಲೆ ಹಸಿ ಬಲೆ.
ಬೆಳಿಗ್ಗೆ ಸಿಪಾಯಿ ಬಂದ್ರು, ದೋಣಿಗೆ ಬೆಂಕಿ ಇಟ್ರು.
ಇವಳು ಹುಟ್ಟು ಎಳೂಕೆ ಹೋದ್ಲು, ಬೆಂಕಿಯೊಳಗಿಂದ."

ಜಟ್ಟು ಅವಳಿಗೆ ಉಪ್ಪು ಕೊಡಲಿಲ್ಲವಾ?
"ಕೊಟ್ಟಾ. ಒಂದ್ ಗರಟೆ."
ಬಳಚಿನ ಬಾಯಿಗೆ ಕತ್ತಿ ಇಟ್ಟು ತಿರುವಿದಳು.
"ಸುಟ್ಟ ಕೈಗೆ ಉಪ್ಪು ಎಂತಕಾ?"

ರಾತ್ರಿ ಗಣಪಿಯನ್ನು ಬರೆಯಲು ಕೂತೆ.
ಜಟ್ಟುವಿನ ಮೀಸೆ ಇಡೀ ತಾಲೂಕಿಗೆ ಬಾಯಿಪಾಠ,
ಇವಳ ಹಣೆ ಅಗಲವೋ, ಎಡಗೈಯವಳೋ,
ಹೇಳಲು ಬೀರಮ್ಮನಿಗೂ ಬರಲಿಲ್ಲ.
ನಾಲ್ಕು ಮುಖ ಬರೆದೆ. ನಾಲ್ಕೂ ನನಗೆ ಗೊತ್ತಿದ್ದ ಯಾರೋ.
ಹರಿದೆ.
ಚೌಕಗಳ ನಡುವಿನ ಬಿಳಿಯನ್ನೇ ಹಿಗ್ಗಿಸುತ್ತ ಹೋದೆ
ಒಂದು ಇಡೀ ಪುಟ ಆಗುವವರೆಗೆ.
ಕೆಳಗೆ ಒಂದೇ ಗೆರೆ,
ಕೆಸರಲ್ಲಿ ದೋಣಿಯ ತಳ ಎಳೆದು ಹೋದ ಗುರುತು,
ಅದರ ಬದಿಗೆ ಆಳವಾಗಿ ಊರಿದ ಹೆಜ್ಜೆ. ಒದ್ದೆ.

ಕುಮಟೆಯ ಪ್ರೆಸ್ಸಿನವ ಫೋನು ಮಾಡಿದ:
ಹತ್ತನೇ ಪುಟ ಖಾಲಿ ಬಂದಿದೆ ಮಾರಾಯ, ಶಾಯಿ ಮುಗೀತಾ?
ಖಾಲಿಯಲ್ಲ, ಇಳಿತ, ಅಂದೆ.
ಎಂತದೇ ಇರಲಿ,
ಪುಟದ ರೇಟು ಅದೇ, ಅಂದ.