ಮೆಟ್ಟಿಲ ಕಿಟಕಿ

ಮೂರನೆಯ ಮಹಡಿಗೂ ನಾಲ್ಕನೆಯದಕ್ಕೂ ನಡುವೆ
ಮೆಟ್ಟಿಲು ಹೊರಳುವಲ್ಲಿ ಒಂದು ಕಿಟಕಿ.
ಯಾರ ಬಾಡಿಗೆಗೂ ಸೇರಿಲ್ಲ, ಯಾರ ಬೀಗಕ್ಕೂ ಸಿಕ್ಕಿಲ್ಲ.
ದಕ್ಷಿಣಕ್ಕೆ ಮುಖ.
ಮೂರ್ಮಾನ್ಸ್ಕ್‌ನಲ್ಲಿ ಇದಕ್ಕಿಂತ ಆಸ್ತಿ ಬೇಕೆ?

ಡಿಸೆಂಬರಿನಲ್ಲಿ ಸೂರ್ಯ ಅರ್ಜಿ ಕೊಡದೆ ರಜೆ ಹಾಕುತ್ತಾನೆ.
ಜನವರಿಯಲ್ಲಿ ಬಂದು, ಗುಡ್ಡದಾಚೆಯಿಂದ ಹಣೆ ಮಾತ್ರ ತೋರಿಸಿ
ಹೊರಟುಬಿಡುತ್ತಾನೆ.
ಫೆಬ್ರವರಿ ನಡುವಿಗೆ ಈ ಹಲಗೆಯ ಮೇಲೆ
ಎರಡೂಕಾಲು ಗಂಟೆ ಕೂರುತ್ತಾನೆ.
ನಾನು ಲೆಕ್ಕ ಇಟ್ಟಿದ್ದೇನೆ,
ರಾತ್ರಿ ಪಾಳಿ ಮುಗಿಸಿ, ಟ್ರಾಲಿಬಸ್ಸಿನ ಗ್ರೀಸು ಉಗುರಲ್ಲಿ ಹಾಗೇ ಇದ್ದು,
ಮೆಟ್ಟಿಲ ಮೇಲೆ ಕೂತು.

ನನ್ನ ಮನೆಯ ಕಿಟಕಿಗಳೆಲ್ಲ ಉತ್ತರಕ್ಕೆ.
ಅಲ್ಲಿ ಮೊಳೆತ ಟೊಮೇಟೊ
ದಾರದ ಹಾಗೆ ಉದ್ದವಾಗಿ, ಗಾಜಿಗೆ ತಲೆಯೊತ್ತಿ,
ಒಂದೊಂದಾಗಿ ಮಲಗಿಬಿಟ್ಟವು.
ಬೆಳೆಯುವ ಸಿರಿ ಮೊಳಕೆಯಲ್ಲಿ ಎಂದವರು
ಉತ್ತರದ ಕಿಟಕಿ ಕಂಡವರಲ್ಲ.

ಉಳಿದದ್ದು ಒಂದು ಸಸಿ, ಕೆಫೀರಿನ ಡಬ್ಬಿಯಲ್ಲಿ.
ಕದ್ದ ಮಾಲಿನಂತೆ ತಂದು ಇಲ್ಲಿಟ್ಟೆ.

ಮರುದಿನ ಅದರ ಪಕ್ಕ ಏಳು ಈರುಳ್ಳಿ,
ಏಳು ಗಾಜಿನ ಲೋಟಗಳ ಬಾಯಿಗೆ ಕೂತು, ಬೇರು ನೀರಿಗೆ ಇಳಿಬಿಟ್ಟು.
ಒಂದು ಚೀಟಿ:
‘ಇಪ್ಪತ್ತು ವರ್ಷದಿಂದ ಇದು ನನ್ನ ಈರುಳ್ಳಿಯ ಜಾಗ.
ರಿಮ್ಮಾ ಅರ್ಕಾದ್ಯೆವ್ನಾ, ಮನೆ ನಲವತ್ತೊಂದು.’
ನನ್ನ ಡಬ್ಬಿ ಮೂಲೆಯ ನೆರಳಿಗೆ ಸರಿದಿತ್ತು.
ನಡುವಿಗೆ ತಂದೆ.
ಸಂಜೆ ಮತ್ತೆ ಮೂಲೆಯಲ್ಲಿ.
ಒಂಬತ್ತು ದಿನ, ಒಬ್ಬರ ಮುಖ ಒಬ್ಬರು ನೋಡದೆ,
ಅಂಗೈಯಗಲ ಬಿಸಿಲಿಗೆ ಜಗಳ.

ಹತ್ತನೆಯ ಬೆಳಗಿನ ಜಾವ
ಸಿಗರೇಟು ಸೇದಿದ ಯಾವನೋ ಮೇಲಿನ ಕಿಂಡಿ ತೆರೆದೇ ಹೋಗಿದ್ದ.
ಹೊರಗೆ ಸೊನ್ನೆಗಿಂತ ಇಪ್ಪತ್ತಾರು ಕೆಳಗೆ.
ಲೋಟದ ನೀರಿನ ಮೇಲೆ ಕೆನೆಯಂತೆ ಹಿಮ.
ಎಂಟನ್ನೂ ಮೂರು ಸಲ ಹತ್ತಿಳಿದು
ನನ್ನ ಅಡಿಗೆಮನೆಗೆ ಸಾಗಿಸಿದೆ, ಆಮೇಲೆ ನಿದ್ದೆ ಹೋದೆ.
ಏಳು ಗಂಟೆಗೆ ಬಾಗಿಲು ಒಡೆಯುವ ಸದ್ದು.
ಡ್ರೆಸಿಂಗ್ ಗೌನಿನಲ್ಲಿ ಗಿಡ್ಡ ಹೆಂಗಸು:
‘ಈರುಳ್ಳಿಗಳ್ಳ!’

ನಾನು ಏನೂ ಹೇಳಲಿಲ್ಲ. ಕಿಂಡಿಯ ಕಡೆ ಕೈ ತೋರಿಸಿದೆ.
ಆಕೆ ಹೋಗಿ ನೋಡಿ, ಬಂದು,
ಕ್ಷಮೆ ಕೇಳುವ ಬದಲು ನನ್ನ ಸಸಿಯನ್ನು ಎತ್ತಿ ಹಿಡಿದು ಬೈದಳು:
‘ಇದೇನು, ಸಸಿಯೋ, ಶೂ ಲೇಸೋ?
ಕುತ್ತಿಗೆವರೆಗೆ ಮಣ್ಣು ಕೊಡು.
ಟೊಮೇಟೊಗೆ ಮೈಯೆಲ್ಲ ಬೇರೇ.’

ಕೊಟ್ಟೆ. ನಿಂತಿತು.

ಮೇ ತಿಂಗಳಲ್ಲಿ ಐದು ಹಳದಿ ಹೂ.
ನಾಲ್ಕು ಮಹಡಿ ಹತ್ತಿ ಬರುವ ಜೇನು ಇಲ್ಲಿಲ್ಲ.
ಬ್ಯಾಟರಿಯ ಹಲ್ಲುಜ್ಜುವ ಬ್ರಷ್ಷಿನ ಬೆನ್ನನ್ನು
ಹೂವಿನ ತೊಟ್ಟಿಗೆ ತಾಗಿಸುತ್ತೇನೆ, ಗುಂಯ್ ಎಂದು.
ಸುಟ್ಟ ಮೋಟಾರು ಬಿಚ್ಚಿ ಕಟ್ಟುವ ಕೈಗೆ
ಇಷ್ಟು ಸಣ್ಣ ಕೆಲಸ ನಡುಕ ತರುತ್ತದೆ.
ರಿಮ್ಮಾ ಹಿಂದೆ ನಿಂತು ಅನ್ನುತ್ತಾಳೆ,
‘ಮೆಲ್ಲಗೆ. ಬಸ್ಸಲ್ಲ ಅದು.’

ಇದೆಲ್ಲ ಹೇಳಿದ್ದು ಜೂನಿನ ಒಂದು ರಾತ್ರಿಗಾಗಿ.
ಹನ್ನೊಂದೂವರೆಗೆ ಬಾಗಿಲು ತಟ್ಟಿದ ಸದ್ದು,
ಈ ಸಲ ಬೆರಳಿನಿಂದ.
ಆಕೆಯ ತಟ್ಟೆಯ ತುಂಬ ಲೋಟಗಳು,
ಕಂಕುಳಲ್ಲಿ ನನ್ನದೇ ಡಬ್ಬಿ.
‘ಮೆಟ್ಟಿಲಲ್ಲಿ ಈಗ ನೆರಳು.
ನಿನ್ನ ಕಡೆ ಬಂದಿದ್ದಾನೆ, ನೋಡಿಲ್ಲವಾ?’

ನೋಡಿರಲಿಲ್ಲ. ಹನ್ನೊಂದು ವರ್ಷದಿಂದ ಈ ಹೊತ್ತಿಗೆ ನಾನು ಡಿಪೋದಲ್ಲಿ
ಬಸ್ಸುಗಳ ಹೊಟ್ಟೆಯ ಕೆಳಗೆ;
ಪಾಳಿಯಿಲ್ಲದ ರಾತ್ರಿ ದಪ್ಪ ಕಂಬಳಿಯಿಂದ ಕಿಟಕಿ ಮುಚ್ಚಿ ನಿದ್ದೆ.
ಕಂಬಳಿ ಸರಿಸಿದೆ.
ಉತ್ತರದಲ್ಲಿ, ಕೊಲ್ಲಿಯ ಕ್ರೇನುಗಳ ಮೇಲೆ,
ಮುಳುಗುವ ಮನಸ್ಸಿಲ್ಲದ ಸೂರ್ಯ,
ನನ್ನ ಮೇಜು, ಉಪ್ಪಿನ ಡಬ್ಬಿ, ಒಗೆಯದ ಕಾಲುಚೀಲ, ಎಲ್ಲ ಕೆಂಪು.

ಲೋಟಗಳನ್ನು ಸಾಲಾಗಿ ಇಟ್ಟೆವು.
ಆಕೆ ಕತ್ತರಿಯಿಂದ ಎರಡು ಹಸಿರು ಎಲೆ ಕತ್ತರಿಸಿ
ನನ್ನ ಮೊಟ್ಟೆಯ ಮೇಲೆ ಉದುರಿಸಿದಳು.
‘ಒಂದು ಗಂಟೆ ಬೆಳಕು ಸಾಕು,’ ಅಂದಳು,
‘ಆಮೇಲೆ ಕಂಬಳಿ ಎಳೆ. ಗಿಡಕ್ಕೂ ನಿದ್ದೆ ಬೇಕು.’
ಟೊಮೇಟೊ ಇನ್ನೂ ಕೋಟಿನ ಗುಂಡಿಯಷ್ಟು, ಹಸಿರು.