ಹಸಿರು ಬಳೆ ಯಾವ ಬೂದು

ಬೋಟುಗಳೆಲ್ಲ ದಡ ಹತ್ತಿದ ಜೂನ್.
ಬೈತಖೋಲದ ಐಸ್ ಫ್ಯಾಕ್ಟರಿಗೆ ಬೀಗ, ನನಗೆ ಬಿಡುವು.
ಇನಾಸ್ ಕೊಟ್ಟ ಹಳೇ ಕ್ಯಾಮೆರಾ, ಜೊತೆಗೆ ಮೂರೇ ಮಾತು:
ಕಿಟಕಿಯ ಮಗ್ಗುಲಿಗೆ ನಿಲ್ಲಿಸು,
ಫ್ಲ್ಯಾಶ್ ಮುಟ್ಟಬೇಡ,
ಸೋಮವಾರ ಮದುವೆ ಆರ್ಡರ್ ಇದೆ, ಅಷ್ಟರೊಳಗೆ ವಾಪಸ್ಸು ತಾ.

ಹಿಂದೆ ಕಟ್ಟಲು ಹುಡುಕಿ ಸಿಕ್ಕಿದ್ದು
ನನ್ನ ಶಬರಿಮಲೆ ವ್ರತದ ಕಪ್ಪು ಪಂಚೆ.
ಬಟ್ಟೆ ಒಣಹಾಕುವ ಕ್ಲಿಪ್ಪಿನಲ್ಲಿ ಬಾಗಿಲಿಗೆ ಸಿಕ್ಕಿಸಿದೆ.
"ತೊಳೆದದ್ದು ಹೌದೋ?" ಎಂದಳು ಆಯಿ.
ಹೌದೆಂದೆ. ಅಷ್ಟಕ್ಕೇ ಬಿಟ್ಟಳು,
ಬಿಡುವ ಮೊದಲು
ಕಾಡಿಗೆಯಲ್ಲಿ ಬೆರಳದ್ದಿ ಬಂದು
ಸೊಸೆಯ ಹೊಕ್ಕುಳ ಪಕ್ಕ ಒಂದು ಬೊಟ್ಟು ಒತ್ತಿ ಹೋದಳು.

ಬೆಳಕು ತಿರುಗಿಸಲು
ಮೀನು ಪೆಟ್ಟಿಗೆಯ ಥರ್ಮೋಕೋಲ್ ಮುಚ್ಚಳ.
ಮೂರು ಸಲ ಸೋಪು ಹಾಕಿ ತಿಕ್ಕಿದರೂ
ಅದರೊಳಗೆ ಇನ್ನೂ ಬಂಗಡೆ ಈಜುತ್ತಿತ್ತು.
ಹಾಗಾಗಿ ಉಜ್ವಲಾಳ ಮೊದಲ ಒಂಬತ್ತು ಫೋಟೋಗಳಲ್ಲಿ
ತಾಯ್ತನವೆಂದರೆ ಸೆರಗಿನೊಳಗೆ ಮೂಗು.

"ಕೈ ಎಲ್ಲಿಡಲಿ?"
ಎಲ್ಲಾದರೂ ಇಡು.
"ಎಲ್ಲಾದರೂ ಎನ್ನುವಷ್ಟು ಜಾಗ
ಈಗ ನನ್ನ ಮೈಯಲ್ಲಿ ಎಲ್ಲಿದೆ?"
ಉಸಿರು ಹಿಡಿ ಎಂದೆ.
ಹಿಡಿಯಬೇಕಾದವನು ನಾನು.
ಅರುವತ್ತರಲ್ಲೊಂದು ಸೆಕೆಂಡೂ ನಿಲ್ಲಲಾಗದ ಕೈ ನನ್ನದು:
ಹದಿನಾಲ್ಕು ಚಿತ್ರಗಳಲ್ಲಿ ಅವಳು ಮಂಜು,
ಹಿಂದಿನ ಕ್ಲಿಪ್ಪು ಮಾತ್ರ ಹಲ್ಲು ಹಲ್ಲಾಗಿ ಸ್ಪಷ್ಟ.

ಕಪ್ಪು ಬಿಳುಪೇ ಯಾಕೆ,
ಆಗ ಕೇಳಿದೆ.
ಕಪಾಟಿನಿಂದ ಸ್ಕ್ಯಾನಿನ ಕಾಗದ ತೆಗೆದು ಹಿಡಿದಳು,
ಬೂದು ಬೀಸಣಿಗೆ, ಒಳಗೊಂದು ಕಡಲೆಕಾಳಿನ ಮೂಗು.
"ಇದು ಆಗಲೇ ತೆಗೆಸಿಕೊಂಡಾಯಿತಲ್ಲ.
ನಾನೊಬ್ಬಳೇ ಬಣ್ಣ ಬಳಿದುಕೊಂಡು ನಿಲ್ಲಲೇ?"
ಅಷ್ಟರಲ್ಲಿ ಒಳಗಿನಿಂದ ಒದೆ.
ಅರ್ಧ ನಗು, ಅರ್ಧ ಅಯ್ಯೋ.
ನನ್ನ ಬೆರಳು ನನ್ನನ್ನು ಕೇಳಲಿಲ್ಲ.

ರಾತ್ರಿ ಆ ಒಂದನ್ನು ಮೊಬೈಲಿಗೆ ಇಳಿಸಿ ಕೂತೆ.
ಬಣ್ಣ ತೆಗೆದೊಡನೆ
ಕೆಂಪು ಸೀರೆಯೂ ಸೀಮಂತದ ಹಸಿರು ಬಳೆಯೂ
ಒಂದೇ ಬೂದಿಯಲ್ಲಿ ಬಿದ್ದೆದ್ದ ಹಾಗೆ.
ಹಸಿರಿನ ಗುಂಡಿಯನ್ನು ಎಡಕ್ಕೆ ಎಳೆದೆ, ಬಳೆ ಕಪ್ಪಾಯಿತು.
"ಕಪ್ಪು ಬೇಡ," ಬೆನ್ನ ಹಿಂದೆ ಆಯಿ,
ಯಾವಾಗ ಎದ್ದು ಬಂದಿದ್ದಳೋ.
ಬಲಕ್ಕೆ ಎಳೆದೆ, ಶಂಖದ ಚೂರಿನಂತೆ ಬಿಳಿಚಿತು.
"ಇದೂ ಬೇಡ."
ಹಸಿರು ಅನ್ನಿಸುವ ಬೂದು ಯಾವುದು?
ಅವಳು ಹೆಗಲ ಮೇಲಿಂದ ಬಗ್ಗಿ,
ನಾನು ಕೂದಲೆಳೆಯಷ್ಟು ಅತ್ತ, ಕೂದಲೆಳೆಯಷ್ಟು ಇತ್ತ,
ಹನ್ನೊಂದೂವರೆಯ ತನಕ.

ಆಮೇಲೆ ಹೊಸಬನ ಹಟ.
ನೆರಳು ಗಾಢ, ಇನ್ನೂ ಗಾಢ,
ಉಜ್ವಲಾಳ ಕಣ್ಣು ಎರಡು ಬಾವಿಯಾಗುವವರೆಗೆ.
ಪರದೆಯ ಮೂಲೆಯಲ್ಲಿ ಬೆಳಕಿನ ಲೆಕ್ಕ
ಸದಾಶಿವಗಡದ ಗುಡ್ಡದಂತೆ ಒಂದೇ ಕಡೆ ಜರಿದು ಬಿತ್ತು.
ಎಲ್ಲ ಅಳಿಸಿ ಮತ್ತೆ ಶುರು.

ಹೊಟ್ಟೆಯ ಗೆರೆಗಳನ್ನು ಒರೆಸಲೇ ಎಂದೆ.
ಮಲಗಿದ್ದಲ್ಲಿಂದಲೇ ಉತ್ತರ:
"ನೀನು ಹೊತ್ತಿದ್ದರೆ ಒರೆಸು."

ಉಳಿದದ್ದು ಧೂಳು.
ಇನಾಸನ ಕ್ಯಾಮೆರಾ ಎಷ್ಟು ಮದುವೆಯ ಮರಳು ಕುಡಿದಿದೆಯೋ,
ಪಂಚೆಯ ಕಪ್ಪಿನ ಮೇಲೆ ಚುಕ್ಕೆ, ಚುಕ್ಕೆ.
ಒಂದೊಂದನ್ನೇ ಬೆರಳಲ್ಲಿ ತಟ್ಟಿದೆ:
ಒಂದು, ಎರಡು, ಮೂರು, ನಾಲ್ಕು.
ಐದನೆಯದು ತುಸು ದೊಡ್ಡದು,
ತಟ್ಟಿದೊಡನೆ ಹೋಯಿತು,
ಚರ್ಮ ನೀರಿನಂತೆ ಕೂಡಿಕೊಂಡಿತು.

ಹೊಕ್ಕುಳ ಪಕ್ಕ ಏನೂ ಇರಲಿಲ್ಲ.

ಕೈ ತಣ್ಣಗಾಯಿತು. ನಾನು ಇಂಥದನ್ನು ನಂಬುವವನಲ್ಲ,
ಆದರೂ ಹಿಂದಕ್ಕೆ ಬಾಗಿದ ಬಾಣವನ್ನು
ಒಮ್ಮೆ ಒತ್ತುವಲ್ಲಿ ಎರಡು ಸಲ ಒತ್ತಿದೆ.
ಬೊಟ್ಟು ಬಂತು.
ಅದರ ಜೊತೆ ಒಂದು ಧೂಳಿನ ಕಣವೂ ಬಂತು.
ಇರಲಿ ಎಂದು ಬಿಟ್ಟೆ.

ಬೆಳಿಗ್ಗೆ ಆಯಿ ಮೊಬೈಲ್ ಇಸಿದುಕೊಂಡಳು.
ಮುಖ ನೋಡಲಿಲ್ಲ, ಬೆಳಕು ನೋಡಲಿಲ್ಲ,
ರಾತ್ರಿಯಿಡೀ ಹುಡುಕಿದ ಬಳೆಯ ಬೂದನ್ನೂ ಕೇಳಲಿಲ್ಲ.
ಉಗುರಲ್ಲಿ ಬೊಟ್ಟನ್ನು ಹುಡುಕುತ್ತ ಹುಡುಕುತ್ತ
ಚಿತ್ರ ಅವಳ ಕೈಯಲ್ಲಿ ಹಿಗ್ಗಿ ಹಿಗ್ಗಿ
ಪರದೆ ತುಂಬ ಬರೀ ಕಾಡಿಗೆ.
"ಉಂಟು," ಎಂದು ವಾಪಸ್ಸು ಕೊಟ್ಟು
ಥರ್ಮೋಕೋಲ್ ಮುಚ್ಚಳವನ್ನು ಹಿತ್ತಲಿಗೆ ಒಯ್ದಳು.