ನಡವಳಿಯಲ್ಲಿ ಬರೆಯದ್ದು

ನಾಲ್ಕನೇ ಸಭೆ. ಹಳೇ ಉತ್ತರಪತ್ರಿಕೆಗಳ ಗೋಡೌನು
ಈಗ ನಮ್ಮ ಜಲಾಧ್ಯಯನ ವಿಭಾಗ.
ಗೆದ್ದಲು ತಿಂದ ಕಟ್ಟುಗಳನ್ನು ಲಾರಿಗೆ ಹಾಕಿ ಕಳಿಸಿದರೂ
ಯಾರೋ ಫೇಲಾದ ವಾಸನೆ ಗೋಡೆಯಲ್ಲೇ ಉಳಿದಿದೆ.
ಕಿಟಕಿಯಾಚೆ ಕೋಲಾರದ ಬೋಳು ಬೆಟ್ಟ,
ಅದರ ಮಗ್ಗುಲಲ್ಲಿ ಕಲ್ಲುಬಸವನ ಬಾಯಿಂದ
ಬೀಳುತ್ತಲೇ ಇರುವ ನೀರು.
ಅದರ ಮೂಲ ಬಲ್ಲವರು ಈ ಮೇಜಿನ ಸುತ್ತ ಯಾರೂ ಇಲ್ಲ.
ಸೀಲು ಒಡೆಯದ ಬಾಟಲಿ ಆರು, ಬಿಸ್ಕತ್ತು ಒಂದು ತಟ್ಟೆ.

ನಡವಳಿ ಬರೆಯುವವಳು ನಾನು.
ಪತ್ರಿಕೆ ಒಂದು: ಅಂತರ್ಜಲಶಾಸ್ತ್ರ, ನಾಲ್ಕು ಕ್ರೆಡಿಟ್ಟು.
ಪತ್ರಿಕೆ ಎರಡು: ನೀರಿನ ರಸಾಯನ, ನಾಲ್ಕು.
(ಒಂದನೆಯದು ನನ್ನದು. ಹತ್ತು ವರ್ಷ ಬೋರಿನ ಪುಡಿ ಓದಿದ್ದೇನೆ,
ಸಾವಿರದಿನ್ನೂರು ಅಡಿಯ ಬೂದು ಹಿಟ್ಟು ಕವರು ಕವರಿನಲ್ಲಿ,
ಅಡಿಅಡಿಗೂ ನಂಬರು ಹಚ್ಚಿ.
ನೀರು ಎಲ್ಲಿತ್ತು ಎಂದು ಹೇಳಬಲ್ಲೆ.
ಎಲ್ಲಿದೆ ಎಂದು ಕೇಳಬೇಡಿ.)
ಪತ್ರಿಕೆ ಮೂರು: ಕೆರೆ ನಿರ್ವಹಣೆ, ಎರಡು.
ಕಲಿಸುವವರು?
ಗೊಲ್ಲರಕುಂಟೆಯ ನಾರೆಪ್ಪನವರು, ಎಂದೆ.
ವಿದ್ಯಾರ್ಹತೆ? ಎಂದರು ಕುಲಸಚಿವರು.
ನೀರುಗಂಟಿ, ಎಂದೆ.
ಪೆನ್ನಿಗೆ ಮುಚ್ಚಳ ಹಾಕುವ ಸದ್ದು ಅಷ್ಟು ದೊಡ್ಡದೆಂದು
ನನಗೆ ಅಲ್ಲಿವರೆಗೂ ಗೊತ್ತಿರಲಿಲ್ಲ.

ಹೋದ ಭಾನುವಾರ ಏರಿಯ ಮೇಲೆ ಸ್ಕೂಟಿ ನಿಲ್ಲಿಸಿ
ಅವರ ಹಿಂದೆ ತೂಬಿನ ತನಕ ನಡೆದಿದ್ದೆ.
ಕಲ್ಲುಕಂಬಕ್ಕೆ ಒರಗಿ, ಬೀಡಿ ಹಚ್ಚದೆ ಕೈಯಲ್ಲೇ ಹೊರಳಿಸುತ್ತಾ
"ಕೆರೆ ಅರ್ಧ ತುಂಬಿದ್ರೆ ಎಲ್ರಿಗೂ ಅರ್ಧ ಗದ್ದೆ.
ಗೌಡ್ರಿಗೂ ಅರ್ಧ, ಗುಡಿ ಮಾನ್ಯಕ್ಕೂ ಅರ್ಧ.
ಕೊನೇ ಮಡಿಗೆ ಮೊದ್ಲು ಬಿಡಬೇಕಮ್ಮ,
ಮೊದ್ಲನೇ ಮಡಿಯೋನು ಹೆಂಗಾದ್ರೂ ಕದ್ಕೊಂತಾನೆ."
ಇದನ್ನು ಸೂತ್ರವಾಗಿ ಬರೆಯಲು
ನನಗೆ ಎರಡು ಪುಟ ಬೇಕಾಯಿತು.
ಆಮೇಲೆ ಚಪ್ಪಲಿ ಹುಡುಕುತ್ತಾ, ಕಾಲಿಗೆ ಹೇಳಿಕೊಂಡಂತೆ:
"ಊರ ಗದ್ದೆಗೆಲ್ಲ ನೀರು ಬಿಟ್ಟೋರು ನಾವು.
ಊರ ಬಾವಿಗೆ ನಮ್ಮ ಬಿಂದಿಗೆ ಇಳೀತಿರಲಿಲ್ಲ.
ಇದು ನಿಮ್ಮ ಎಷ್ಟನೇ ಪಾಠದಾಗೆ ಬರ್ತದೆ?"

ಸಭೆಯಲ್ಲಿ ಅದನ್ನೂ ಕೇಳಿದೆ.
ಅದು ಸಮಾಜಶಾಸ್ತ್ರ ಮೇಡಂ, ಪಕ್ಕದ ಕಟ್ಟಡ.
ಯಾರೂ ನಗಲಿಲ್ಲ. ಹೇಳಿದವರೂ ನಗಲಿಲ್ಲ.
ರಸಾಯನದ ಹಯಾತ್ ಸಾಹೇಬರು
ಕಚ್ಚಿದ ಬಿಸ್ಕತ್ತನ್ನು ಕರವಸ್ತ್ರದ ಮೇಲಿಟ್ಟು
"ಒಂದನೇ ಪಾಠದಲ್ಲೇ ಬರಲಿ" ಎಂದರು, ಮೆತ್ತಗೆ.
ಅವರ ಹಲ್ಲಿನ ಕಂದು ಗೆರೆಗಳು ಬಾಗೇಪಲ್ಲಿಯವು.
ಹದಿನಾರು ವರ್ಷ ಕುಡಿದ ಮೇಲೆ
ಆ ನೀರನ್ನು ಪರೀಕ್ಷಿಸಲು ಕಲಿತವರು.

ನಡವಳಿಯಲ್ಲಿ ಇರುವುದು ಇಷ್ಟು:
ವಿಷಯ ಐದು. ಚರ್ಚಿಸಲಾಯಿತು. ಮುಂದೂಡಲಾಯಿತು.

ಆದರೂ ಆಗಸ್ಟಿನಲ್ಲಿ ಹನ್ನೊಂದು ಮಂದಿ ಸೇರಿದರು.
ನಾರೆಪ್ಪನವರು ಬಂದರು, ಒಗೆದ ಅಂಗಿ, ಕಂಕುಳಲ್ಲಿ ಚೀಲ.
ಗೌರವಧನದ ಫಾರಮ್ಮಿನಲ್ಲಿ ವಿದ್ಯಾರ್ಹತೆಯ ಎದುರು
ಗುಮಾಸ್ತೆ ಕನಕವಲ್ಲಿ "ನೀರುಗಂಟಿ" ಎಂದು ತುಂಬಿ
ಯಾರನ್ನೂ ಕೇಳದೆ ಸೀಲು ಒತ್ತಿದಳು.

ಬೋರ್ಡಿನ ಕಡೆ ಹೋಗಲೇ ಇಲ್ಲ ಅವರು.
ಕೊನೇ ಬೆಂಚಿನಲ್ಲಿ ಕೂತು ಚೀಲದಿಂದ ಬಾಟಲಿ ತೆಗೆದರು.
"ಕೆರೆ ತುಂಬೈತೆ. ಮಳೆಯಿಂದಲ್ಲ,
ಬೆಂಗಳೂರು ಬಳಸಿ ತೊಳೆದು ಕಳಿಸಿದ್ದು, ಪೈಪಿನಾಗೆ.
ಮಳೆನೀರಾದ್ರೆ ಅದರ ಹೆಜ್ಜೆ ನಂಗೊತ್ತು.
ಇದು ಬೇಸಿಗೇಲೂ ಬರ್ತದೆ, ನಡುರಾತ್ರಿ ನಿಲ್ತದೆ,
ಒಂದಿನ ನೊರೆ, ಒಂದಿನ ತಿಳಿ.
ಇದಕ್ಕೆ ತೂಬು ಎತ್ತಬೇಕಾ, ಬೇಡ್ವಾ?
ಕಲಿಸಾಕಲ್ಲ, ಕಲಿಯಾಕೆ ಬಂದಿದೀನಿ."

ಯಂತ್ರ ಇನ್ನೂ ಪೆಟ್ಟಿಗೆಯಲ್ಲಿತ್ತು.
ಬಿಲ್ಲು ಪಾಸಾಗದೆ ಬಿಚ್ಚುವಂತಿಲ್ಲ.
ಹುಡುಗರು ನನ್ನ ಮುಖ ನೋಡಿದರು,
ನಾನು ಹಯಾತರ ಮುಖ.

ಮಾಲೂರಿನ ಸ್ವರೂಪರಾಣಿ ಎದ್ದು ಬಾಟಲಿ ಈಸಿಕೊಂಡು
ಬೆಳಕಿಗೆ ಹಿಡಿದಳು, ಮುಚ್ಚಳ ತೆಗೆದು ಮೂಸಿದಳು,
ನೋಟ್‌ಬುಕ್ಕಿನ ಅಂಚು ಹರಿದು ಚೀಟಿ ಮಾಡಿ ಬರೆದಳು:
ಮಾದರಿ ೧. ಗೊಲ್ಲರಕುಂಟೆ ಕೆರೆ. ತಂದವರು
ಅಲ್ಲಿಗೆ ಪೆನ್ನು ನಿಲ್ಲಿಸಿ
ಅವರ ಪೂರ್ತಿ ಹೆಸರು ಕೇಳಿದಳು.